ಗೋಡೆ ಮೇಲಿನ ಗೂಡು, ಬೀರುವಿನೊಳಗಿನ ಗೂಡು: ಹುಳು ಯಾವುದು?

ಪ್ರಶ್ನೆ: ಮಂಗಳೂರಿನಲ್ಲಿ ನಮ್ಮದು ಹಳೆಯ ಮನೆ. ಮಳೆಗಾಲ ಶುರುವಾದರೆ ಬಚ್ಚಲುಮನೆ, ಮಲಗುವ ಕೋಣೆಯ ಗೋಡೆ ಮೇಲೆ ಸೌತೆಬೀಜದ ಹಾಗೆ ಚಪ್ಪಟೆಯಾದ, ಬೂದಿ ಬಣ್ಣದ ಗೂಡುಗಳು ಕಾಣಿಸುತ್ತವೆ. ಮುಟ್ಟಿದರೆ ಮರಳು ಮರಳು. ಒಳಗಿಂದ ಒಂದು ಹುಳು ತಲೆ ಹೊರಹಾಕಿ ಗೂಡನ್ನು ಎಳೆದುಕೊಂಡು ಹೋಗುತ್ತದೆ. ಇಂಟರ್‌ನೆಟ್‌ನಲ್ಲಿ ಒಂದು ಕಡೆ ಇದು ಬಟ್ಟೆ ತಿನ್ನುವ ಟಿನಿಯಾ ಪೆಲಿಯೊನೆಲ್ಲಾ ಎಂದಿದೆ. ಇನ್ನೊಂದು ಕಡೆ ಫೆರಿಯೀಕಾ ಯುಟೆರೆಲ್ಲಾ ಎಂದಿದೆ. ಎರಡರಲ್ಲಿ ಯಾವುದು? ಬೀರುವಿನಲ್ಲಿ ರೇಷ್ಮೆ ಸೀರೆಗಳಿವೆ. ಅತ್ತೆಯವರ ಕಾಲದ ಕಂಬಳಿ, ಉಣ್ಣೆ ಶಾಲುಗಳೂ ಇವೆ. ಮನೆಯಲ್ಲಿ ತೆವಳುವ ಮಗುವಿದೆ. ಎಲ್ಲ ಕಡೆ ನುಸಿಗುಳಿಗೆ ಹಾಕಿಬಿಡಲಾ?

ಉತ್ತರ: ನಿಮ್ಮ ಗೋಡೆ ಮೇಲಿರುವುದು ಫೆರಿಯೀಕಾ. ಬಟ್ಟೆ ತಿನ್ನುವ ಟಿನಿಯಾ ಅಲ್ಲ. ಫೋಟೊ ನೋಡದೆಯೇ ಇಷ್ಟು ಖಚಿತವಾಗಿ ಹೇಳಲು ಕಾರಣ ನಿಮ್ಮ ಪತ್ರದಲ್ಲೇ ಇದೆ. ಗೂಡು ಚಪ್ಪಟೆ, ಮುಟ್ಟಿದರೆ ಮರಳು, ಸಿಕ್ಕಿದ್ದು ಗೋಡೆ ಮೇಲೆ. ಇಷ್ಟೂ ಒಟ್ಟಿಗೆ ಬಂದರೆ ಬೇರೆ ಹೆಸರು ಹುಡುಕುವ ಅಗತ್ಯ ಬೀಳುವುದಿಲ್ಲ.

ಬೀರುವಿನ ವಿಷಯ ಬೇರೆ. ಗೋಡೆ ನೋಡಿ ಬೀರುವಿಗೆ ತೀರ್ಪು ಕೊಡಲು ಆಗುವುದಿಲ್ಲ. ಒಂದೇ ಮನೆಯಲ್ಲಿ ಎರಡೂ ಹುಳು ಇರಬಹುದು. ಹಾಗಾಗಿ ಎರಡನ್ನೂ ನೀವೇ ಗುರುತಿಸುವ ಹಾಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಎರಡೂ ಟಿನೀಡೇ ಎಂಬ ಒಂದೇ ಪತಂಗ ಕುಟುಂಬಕ್ಕೆ ಸೇರಿದವು. ಎರಡರ ಮರಿಹುಳುವೂ ಹುಟ್ಟಿದ ಸ್ವಲ್ಪ ಹೊತ್ತಿಗೇ ಗೂಡು ಕಟ್ಟಲು ಕೂರುತ್ತದೆ, ಆಮೇಲೆ ಆ ಗೂಡನ್ನು ಬಿಟ್ಟು ಒಂದು ಹೆಜ್ಜೆಯೂ ಇಡುವುದಿಲ್ಲ. ಎರಡರ ಗೂಡಿಗೂ ಎರಡು ಬಾಯಿ. ಕೋಶವಾಗುವುದೂ (ಅಂದರೆ ಪತಂಗವಾಗುವ ಮುಂಚಿನ ಹಂತ) ಅದರೊಳಗೇ. ಇಷ್ಟೆಲ್ಲ ಹೋಲಿಕೆ ಇರುವಾಗ ಹೆಸರು ಅದಲುಬದಲಾಗುವುದು ಸಹಜ. ಪತಂಗದ ರೆಕ್ಕೆ ನೋಡಿ ಗುರುತಿಸಲು ಹೋದರೆ ಗೊಂದಲ ಇನ್ನೂ ಜಾಸ್ತಿ. ನನ್ನ ಸಲಹೆ ಇಷ್ಟೇ: ರೆಕ್ಕೆ ಬಿಡಿ, ಗೂಡು ನೋಡಿ. ಹುಳು ಎಲ್ಲಿ ಬದುಕಿತು, ಸುತ್ತಮುತ್ತ ಅದಕ್ಕೆ ಏನು ಸಿಕ್ಕಿತು ಅನ್ನುವುದೆಲ್ಲ ಗೂಡಿನ ಮೈಮೇಲೇ ಇರುತ್ತದೆ.

ಗೋಡೆಯಿಂದ ಒಂದು ಗೂಡು ತೆಗೆದು ಬಿಳಿ ಕಾಗದದ ಮೇಲಿಡಿ. ಸ್ಕೇಲು ಪಕ್ಕದಲ್ಲಿರಲಿ. ಬೆಳೆದ ಹುಳುವಿನದಾದರೆ ಗೂಡು 8ರಿಂದ 14 ಮಿಲಿಮೀಟರ್ ಉದ್ದ, 3ರಿಂದ 5 ಮಿಲಿಮೀಟರ್ ಅಗಲ ಇರುತ್ತದೆ. ನಡುವೆ ಅಗಲ, ಎರಡೂ ತುದಿ ಚೂಪು. ಮೊದಲು ಏನೂ ಆಗುವುದಿಲ್ಲ. ಹುಳು ಗಾಬರಿಯಾಗಿ ಬಾಯಿ ಮುಚ್ಚಿಕೊಂಡಿರುತ್ತದೆ. ಗೂಡಿನ ಕೆಳಭಾಗವನ್ನು ಒಳಗಿಂದಲೇ ಮೇಲಕ್ಕೆ ಎಳೆದು ಹಿಡಿಯುತ್ತದೆ. ಆಗ ಇರುವೆಗೂ ಒಳಗೆ ಹೋಗಲು ದಾರಿ ಸಿಗುವುದು ಕಷ್ಟ. ಅಲ್ಲಾಡಿಸದೆ ಕಾಯಿರಿ. ಒಂದು ತುದಿ ಸಡಿಲವಾಗುತ್ತದೆ, ಕಡು ಕಂದು ತಲೆ ಹೊರಗೆ ಬರುತ್ತದೆ. ಅದರ ಹಿಂದೆಯೇ ಮೂರು ಜೊತೆ ಕಂದು ಕಾಲು. ತಲೆಯ ಹಿಂದಿನ ಮೂರು ಭಾಗಗಳ ಮೇಲೆ ಗಟ್ಟಿಯಾದ ಕಪ್ಪು ಫಲಕಗಳು ಕಾಣುತ್ತವೆ. ಉಳಿದ ಮೈ ಬಿಳಿ, ಮೆತ್ತಗೆ. ಅದು ಹೊರಗೆ ಬರುವುದೇ ಇಲ್ಲ. ಕಾಲು ಕಾಗದಕ್ಕೆ ಕೊಟ್ಟು ಮುಂದಕ್ಕೆ ಚಾಚುತ್ತದೆ, ಆಮೇಲೆ ಹಿಂದಿನ ಗೂಡನ್ನು ಎಳೆದುಕೊಳ್ಳುತ್ತದೆ.

ಈಗ ಅದರ ಮುಂದೆ ಒಂದು ಬೆಂಕಿಕಡ್ಡಿ ಅಡ್ಡ ಇಡಿ. ಹುಳು ಒಳಗೆ ಹೋಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಅದೇ ತಲೆ ಇನ್ನೊಂದು ತುದಿಯಿಂದ ಹೊರಗೆ ಬರುತ್ತದೆ! ಗೂಡಿನ ನಡುಭಾಗ ಅಗಲವಾಗಿರುವುದು ಇದಕ್ಕೇ. ಅಲ್ಲಿ ಹುಳು ಮೈ ಮಡಚಿ ತಿರುಗಿಕೊಳ್ಳುತ್ತದೆ. ಎಷ್ಟು ಸಲ ನೋಡಿದರೂ ನನಗೆ ಬೇಜಾರಾಗದ ನೋಟ ಇದು.

ಕೈಯಲ್ಲಿ ಲೆನ್ಸ್ ಇದ್ದರೆ ಗೂಡಿನ ಹೊರಮೈ ನೋಡಿ. ಸಣ್ಣ ಮರಳಿನ ಕಣ, ಉದುರಿದ ಸುಣ್ಣದ ಪುಡಿ, ಮಣ್ಣು, ಕಬ್ಬಿಣದ ತುಕ್ಕು, ಇರುವೆಯದೋ ಜಿರಲೆಯದೋ ಕಾಲಿನ ಚೂರು, ಹಿಕ್ಕೆ, ಕೂದಲು. ಕೋಣೆಯ ಮೂಲೆಯಲ್ಲಿ ಏನು ಬಿದ್ದಿತ್ತೋ ಅದೆಲ್ಲ ಇರುತ್ತದೆ. ಒಳಮೈ ಮಾತ್ರ ಅಪ್ಪಟ ರೇಷ್ಮೆ, ಹುಳು ತನ್ನ ಬಾಯಿಂದ ತೆಗೆದ ನೂಲು. ಮೊದಲು ನೆಲಕ್ಕೆ ಎರಡೂ ಕಡೆ ಅಂಟಿದ ಒಂದು ಸಣ್ಣ ಕಮಾನು ನೇಯುತ್ತದೆ. ಅದರ ಹೊರಗೆ ಕಣಗಳನ್ನು ಒಂದೊಂದಾಗಿ ಅಂಟಿಸುತ್ತದೆ. ಕಮಾನು ಉದ್ದವಾಗಿ ಸುರಂಗದ ಹಾಗಾದ ಮೇಲೆ ಅಡಿಯನ್ನೂ ಮುಚ್ಚಿ, ನೆಲದಿಂದ ಬಿಡಿಸಿಕೊಂಡು ಹೊರಡುತ್ತದೆ. ಪೊರೆ ಬಿಟ್ಟಾಗಲೆಲ್ಲ ಗೂಡನ್ನು ದೊಡ್ಡದು ಮಾಡಿಕೊಳ್ಳುತ್ತದೆ.

ಟಿನಿಯಾ ಗೂಡು ಹೀಗಿರುವುದಿಲ್ಲ. ಅದು ಉರುಟಾದ ಕೊಳವೆ. ಮರಳಿಲ್ಲ, ಸುಣ್ಣವಿಲ್ಲ. ರೇಷ್ಮೆ ನೂಲಿನ ಜೊತೆ ಹೆಣೆದುಕೊಂಡಿರುವುದು ನಿಮ್ಮ ಬಟ್ಟೆಯದೇ ಎಳೆ. ಹುಳು ಕೆಂಪು ಶಾಲು ತಿನ್ನುತ್ತಿದ್ದರೆ ಗೂಡು ಕೆಂಪು. ಕಪ್ಪು ಕಂಬಳಿಯಲ್ಲಿದ್ದರೆ ಕಪ್ಪು. ಶಾಲಿನ ಮೇಲೇ ಕೂತಿದ್ದರೂ ಕಣ್ಣಿಗೆ ಬೀಳದೆ ಹೋಗುವುದು ಇದರಿಂದಲೇ. ಸುಮಾರು 18ನೇ ಶತಮಾನದಲ್ಲೇ ಫ್ರಾನ್ಸಿನ ವಿಜ್ಞಾನಿ ರೆಯೋಮ್ಯೂರ್ ಈ ಹುಳುಗಳನ್ನು ಒಂದು ಬಣ್ಣದ ಉಣ್ಣೆಯಿಂದ ಇನ್ನೊಂದು ಬಣ್ಣದ ಉಣ್ಣೆಗೆ ಹಾಕಿ ನೋಡಿದ್ದರು. ಗೂಡಿನಲ್ಲಿ ಹೊಸ ಬಣ್ಣ ಎಲ್ಲಿ ಸೇರಿತು ಎಂಬುದು ಎದ್ದು ಕಂಡಿತು. ಉದ್ದ ಬೇಕಾದರೆ ಹುಳು ತುದಿಗಳಿಗೆ ಎಳೆ ಸೇರಿಸುತ್ತದೆ. ಅಗಲ ಬೇಕಾದರೆ ಗೂಡನ್ನು ಉದ್ದಕ್ಕೆ ಸೀಳಿ, ನಡುವೆ ಹೊಸ ಪಟ್ಟಿ ಕೂರಿಸುತ್ತದೆ. ಅದರ ಹಿಕ್ಕೆಗೂ ಉಣ್ಣೆಯ ಬಣ್ಣವೇ ಬರುತ್ತದೆ. ಬೀರುವಿನ ತಳದಲ್ಲಿ ಬಟ್ಟೆಯ ಬಣ್ಣದ ಸಣ್ಣ ಹರಳುಗಳು ಬಿದ್ದಿದ್ದರೆ ಅದನ್ನು ಧೂಳು ಎಂದು ಒರೆಸಿ ಸುಮ್ಮನಾಗಬೇಡಿ.

ಗೂಡೇ ಇಲ್ಲದೆ, ಉಣ್ಣೆ ಮೇಲೆ ಬರೀ ಬಲೆಯಂಥ ಪೊರೆ, ಅಲ್ಲಲ್ಲಿ ಅಂಟಿಕೊಂಡ ಕೊಳವೆ ಕಂಡರೆ ಅದು ಮೂರನೆಯ ನೆಂಟ, ಟಿನಿಯೋಲಾ ಬಿಸ್ಸೆಲಿಯೆಲ್ಲಾ. ಅದು ಗೂಡು ಹೊತ್ತು ತಿರುಗುವುದಿಲ್ಲ. ಹಾನಿ ಮಾತ್ರ ಟಿನಿಯಾದಷ್ಟೇ, ಕೆಲವೊಮ್ಮೆ ಜಾಸ್ತಿಯೇ.

ಈಗ ಊಟದ ವಿಷಯಕ್ಕೆ ಬರೋಣ. ನಿಮಗೆ ನಿಜವಾಗಿ ಬೇಕಾಗಿರುವುದು ಇದೇ ಅಲ್ವಾ?

ಫೆರಿಯೀಕಾಗೆ ಅತಿ ಇಷ್ಟವಾದದ್ದು ಹಳೆಯ ಜೇಡರ ಬಲೆ. ಅದನ್ನು ಹೊಟ್ಟೆ ತುಂಬ ತಿನ್ನುತ್ತದೆ. ಬಲೆಯ ನೂಲೂ ಪ್ರೊಟೀನೇ. ನಿಮ್ಮ ಮನೆಯಲ್ಲಿ ಗೂಡುಗಳು ಎಲ್ಲಿ ಜಾಸ್ತಿ ಎಂದು ಒಮ್ಮೆ ನೋಡಿ. ಬಾಗಿಲ ಹಿಂದೆ, ಮಂಚದ ಹಿಂದಿನ ಗೋಡೆ, ಬಚ್ಚಲಿನ ಕಿಟಕಿ ಕೆಳಗೆ, ಮಾಡಿನ ಅಂಚಿನಡಿ. ಅದರ ಮೇಲ್ಗಡೆ ತಲೆ ಎತ್ತಿದರೆ ಬಹುಪಾಲು ಒಂದು ಹಳೇ ಬಲೆ ಇರುತ್ತದೆ. 1933ರಲ್ಲಿ ಫ್ಲೋರಿಡಾದಲ್ಲಿ ಕೀ ಎಂಬ ಸಂಶೋಧಕರು ಇದಕ್ಕೆ ಒಣಗಿದ ಕೀಟ, ಹತ್ತಿ ಬಟ್ಟೆ ಎಲ್ಲ ಕೊಟ್ಟು ನೋಡಿದರು. ಯಾವುದನ್ನೂ ತಿನ್ನಲಿಲ್ಲ. ಆದರೆ ಉಣ್ಣೆ ತಿನ್ನುತ್ತದೆ ಎಂಬುದು 1939ರ ವಾಟ್ಸನ್ ಅವರ ಕೆಲಸದಿಂದ ಖಚಿತವಾಯಿತು. ಕೂದಲನ್ನೂ ತಿನ್ನುತ್ತದೆ. ಹಾಗಾಗಿ ‘ಇದು ಬಟ್ಟೆಯ ತಂಟೆಗೇ ಬರುವುದಿಲ್ಲ’ ಎಂದು ಕೆಲವರು ಹೇಳುವುದನ್ನು ನಾನು ಒಪ್ಪುವುದಿಲ್ಲ. ನೆಲಕ್ಕೆ ತಾಗುವ ಹಾಗೆ ಮೂಲೆಯಲ್ಲಿ ತಿಂಗಳುಗಟ್ಟಲೆ ಬಿದ್ದಿರುವ ಉಣ್ಣೆಯ ಜಮಖಾನ ಅದಕ್ಕೂ ಊಟವೇ. ಆದರೆ ಬೀರು ಹುಡುಕಿಕೊಂಡು ಬರುವ ಹುಳು ಅದಲ್ಲ.

ಇಲ್ಲಿ ಇನ್ನೊಂದು ಹೆಸರನ್ನೂ ಹೇಳಲೇಬೇಕು. ಫೆರಿಯೀಕಾ ಅಲ್ಯುಟೆಲ್ಲಾ ಎಂಬ ಇನ್ನೂ ಹತ್ತಿರದ ನೆಂಟ ಇದೆ. ಅದು ಭಾರತದಲ್ಲೂ ಶ್ರೀಲಂಕಾದಲ್ಲೂ ದಾಖಲಾಗಿದೆ. ಗೂಡು ಅದೇ ತರಹ, ಹುಳು ಅದೇ ತರಹ. ಪನಾಮಾದಲ್ಲಿ ಇದನ್ನು ಸಾಕಿ ಅಧ್ಯಯನ ಮಾಡಿದವರು ಆನೆಟ್ ಐಯೆಲ್ಲೊ. ಅವರ ವರದಿ ಬಂದದ್ದು 1979ರಲ್ಲಿ. ಅವರು ಸತ್ತ ಸೊಳ್ಳೆಗಳನ್ನು ಹಾಕಿಯೇ ಹುಳುಗಳನ್ನು ಬೆಳೆಸಿದರು. ಕೀ ಅವರ ಹುಳುಗಳು ಒಣಗಿದ ಕೀಟವನ್ನು ಮುಟ್ಟಿರಲಿಲ್ಲ ಅನ್ನುವುದನ್ನು ನೆನಪಿಡಿ. ಯುಟೆರೆಲ್ಲಾ ಪತಂಗಗಳು ಹಗಲಲ್ಲಿ ಗೋಡೆ, ನೆಲದ ಅಂಚಿನ ಜೊತೆಗೆ ಜೇಡರ ಬಲೆಯ ಮೇಲೂ ಕೂರುತ್ತವೆ. ಪನಾಮಾದ ಅಲ್ಯುಟೆಲ್ಲಾ ಬಲೆ ಮೇಲೆ ಕೂತಿದ್ದು ಒಮ್ಮೆಯೂ ಕಂಡಿಲ್ಲ ಎಂದು ಐಯೆಲ್ಲೊ ಬರೆದಿದ್ದಾರೆ. ಇಂಥ ಸಣ್ಣ ಸಣ್ಣ ವ್ಯತ್ಯಾಸಗಳು ನನ್ನಂಥವರಿಗೆ ಬಹಳ ಮುಖ್ಯ. ನಿಮ್ಮ ಗೋಡೆಯ ಮಟ್ಟಿಗೆ ‘ಫೆರಿಯೀಕಾ’ ಅನ್ನುವಷ್ಟು ಸಾಕು. ಗೂಡಿನ ಫೋಟೊ ನೋಡಿ ಇದು ಯುಟೆರೆಲ್ಲಾನೇ, ಅಲ್ಯುಟೆಲ್ಲಾ ಅಲ್ಲ ಎಂದು ಯಾರಾದರೂ ಖಚಿತವಾಗಿ ಹೇಳಿದರೆ ಅಷ್ಟು ನಂಬಬೇಕಾಗಿಲ್ಲ. ಎರಡನ್ನೂ ತಡೆಯುವ ದಾರಿ ಒಂದೇ.

ಟಿನಿಯಾ ಕಡೆಯೂ ಇದೇ ಕಥೆ. ಜೀವಿಗಳಿಗೆ ವೈಜ್ಞಾನಿಕ ಹೆಸರಿಡುವ ಪದ್ಧತಿ ತಂದ ಲಿನ್ನೇಯಸ್ 1758ರಲ್ಲೇ ಪೆಲಿಯೊನೆಲ್ಲಾ ಎಂದು ಹೆಸರಿಟ್ಟರು. ಆಮೇಲೆ ಲೋಕದ ಎಲ್ಲ ಕಡೆ ಗೂಡು ಹೊತ್ತ ಬಟ್ಟೆ ಹುಳು ಕಂಡರೆ ಅದೇ ಹೆಸರು ಬರೆದುಕೊಂಡು ಹೋದರು. 1979ರಲ್ಲಿ ಲಂಡನ್ನಿನ ಗೇಡನ್ ರಾಬಿನ್ಸನ್ ಈ ಗುಂಪನ್ನೆಲ್ಲ ಹೊಸದಾಗಿ ಪರಿಶೀಲಿಸಿದರು. ಒಂದೇ ಹೆಸರಿನಡಿ ಹಲವು ಜಾತಿಗಳು ಬೆರೆತುಹೋಗಿರುವುದು ಆಗ ಸ್ಪಷ್ಟವಾಯಿತು. ಬಿಸಿ ದೇಶಗಳಲ್ಲಿ ಟಿನಿಯಾ ಟ್ರಾನ್ಸ್‌ಲುಸೆನ್ಸ್ ಎಂಬುದು ಹೆಚ್ಚು. ನಮ್ಮ ಕಡೆ ಪೆಲಿಯೊನೆಲ್ಲಾ ಎಂದು ಕರೆಯುವ ಹುಳು ಅದೂ ಆಗಿರಬಹುದು. ಬೇರೆ ಮಾಡಬೇಕೆಂದರೆ ಪತಂಗದ ಜನನಾಂಗವನ್ನು ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು.

ಟಿನಿಯಾ ತಿನ್ನುವುದು ಮುಖ್ಯವಾಗಿ ಕೆರಾಟಿನ್. ಉಣ್ಣೆ, ಕೂದಲು, ತುಪ್ಪಳ, ಗರಿ ಎಲ್ಲ ಅದರಿಂದಲೇ ಆದವು. ಕೆರಾಟಿನ್ ಎಳೆಗಳನ್ನು ಗಂಧಕದ ಕೊಂಡಿಗಳು ಬಿಗಿಯಾಗಿ ಹಿಡಿದಿರುತ್ತವೆ. ಬಹುತೇಕ ಪ್ರಾಣಿಗಳಿಗೆ ಅದು ಅರಗುವುದಿಲ್ಲ. ಬಟ್ಟೆ ತಿನ್ನುವ ಈ ಪತಂಗಗಳ ಮರಿಹುಳುವಿನ ಹೊಟ್ಟೆ ಬಹಳ ಕ್ಷಾರೀಯ. ಅಲ್ಲಿ ಆ ಕೊಂಡಿಗಳು ಕಳಚಿಬೀಳುತ್ತವೆ. ಬಟ್ಟೆ ಬೀರು ಎಲ್ಲ ಬರುವುದಕ್ಕೆ ಮುಂಚೆ ಈ ಹುಳುಗಳ ನೆಲೆ ಹಕ್ಕಿಗೂಡು. ಇವತ್ತಿಗೂ ಇದೆ. ನಿಮ್ಮ ಕಿಟಕಿಯ ಸಜ್ಜದ ಮೇಲೆ ಪಾರಿವಾಳ ಗೂಡು ಕಟ್ಟಿ ಬಿಟ್ಟುಹೋಗಿದ್ದರೆ ಅಲ್ಲಿ ಬಿದ್ದ ಗರಿಯಿಂದಲೇ ಟಿನಿಯಾ ಮನೆಯೊಳಗೆ ಬರಬಹುದು. ಬೀರು ಎಷ್ಟು ಸಲ ಸ್ವಚ್ಛ ಮಾಡಿದರೂ ಮತ್ತೆ ಮತ್ತೆ ಬರುತ್ತಿದೆ ಎನ್ನುವವರಿಗೆ ನಾನು ಮೊದಲು ಕೇಳುವುದು ಪಾರಿವಾಳದ ವಿಷಯ. ದೇವರ ಕೋಣೆಯಲ್ಲಿ ಇಟ್ಟ ನವಿಲುಗರಿ ಕಟ್ಟು, ಹಳೇ ಹಾರ್ಮೋನಿಯಂ ಒಳಗಿನ ಉಣ್ಣೆ ಫೆಲ್ಟು ಇವನ್ನೂ ಮರೆಯಬೇಡಿ.

ನಿಮ್ಮ ಅತ್ತೆಯವರ ಕಂಬಳಿ ಈ ಪಟ್ಟಿಯಲ್ಲಿ ಮೊದಲು ಬರುತ್ತದೆ. ಚಳ್ಳಕೆರೆ ಕಡೆಯ ಕೈಮಗ್ಗದ ಕಂಬಳಿ ಪೂರ್ತಿ ಕುರಿ ಉಣ್ಣೆ. ದಪ್ಪ ನೇಯ್ಗೆ, ಮಡಿಕೆ ಒಳಗೆ ಕತ್ತಲು. ವರ್ಷಕ್ಕೆ ಒಮ್ಮೆಯೂ ಬಿಚ್ಚದೆ ಟ್ರಂಕಿನಲ್ಲಿಟ್ಟರೆ ಟಿನಿಯಾಗೆ ಅದಕ್ಕಿಂತ ಒಳ್ಳೆಯ ಜಾಗ ಬೇಕಾ? ಬೆವರು, ಎಣ್ಣೆ ಹಿಡಿದ ಅಂಚುಗಳಿಗೆ ಮೊದಲು ಬಾಯಿ ಹಾಕುತ್ತದೆ. ಬರೀ ಉಣ್ಣೆಯಲ್ಲಿ ಸಿಗದ ಪೋಷಕಾಂಶ ಆ ಕೊಳೆಯಲ್ಲಿ ಸಿಗುತ್ತದೆ.

ರೇಷ್ಮೆ ಸೀರೆಯ ಬಗ್ಗೆ ಅಷ್ಟು ಹೆದರಬೇಡಿ. ರೇಷ್ಮೆಯೂ ಪ್ರೊಟೀನು, ಆದರೆ ಕೆರಾಟಿನ್ ಅಲ್ಲ. ಉಣ್ಣೆ ಪಕ್ಕದಲ್ಲಿ ಇಟ್ಟಾಗ, ಊಟದ ಕಲೆಯೋ ಬೆವರೋ ಇದ್ದಾಗ ಕಡಿಯುವುದುಂಟು. ತೊಳೆದು ಒಣಗಿಸಿ ಬೇರೆ ಇಟ್ಟ ಸೀರೆಗೆ ಅಪಾಯ ಕಡಿಮೆ. ಮಡಿಕೆಯ ಗೆರೆ ಉದ್ದಕ್ಕೆ ಸೀಳಿದ್ದರೆ ಅದು ಯಾವ ಹುಳುವಿನ ಕೆಲಸವೂ ಅಲ್ಲ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟಿದ್ದಕ್ಕೆ ಎಳೆ ತುಂಡಾಗಿರುತ್ತದೆ. ಗಂಜಿ ಹಾಕಿದ ಹತ್ತಿ ಸೀರೆಯ ಮೇಲ್ಮೈ ಕೆರೆದ ಹಾಗಿದ್ದರೆ ಸಿಲ್ವರ್‌ಫಿಶ್ ಇರಬಹುದು.

ರೆಕ್ಕೆಯ ಬಗ್ಗೆಯೂ ಎರಡು ಮಾತು. ಫೆರಿಯೀಕಾ ಹೆಣ್ಣು ರೆಕ್ಕೆ ಬಿಚ್ಚಿದರೆ 10ರಿಂದ 13 ಮಿಲಿಮೀಟರ್, ಬೂದು ಬಣ್ಣ, ಮುಂದಿನ ರೆಕ್ಕೆಯಲ್ಲಿ ನಾಲ್ಕರವರೆಗೆ ಚುಕ್ಕೆ. ಗಂಡು ಇನ್ನೂ ಚಿಕ್ಕದು. ಟಿನಿಯಾ 9ರಿಂದ 16 ಮಿಲಿಮೀಟರ್, ಬೂದುಗಂದು, ಮೂರು ಚುಕ್ಕೆ. ಅದರಲ್ಲಿ ಒಂದು ಚುಕ್ಕೆ ಮಾತ್ರ ಚೆನ್ನಾಗಿ ಕಾಣುತ್ತದೆ. ಬೆರಳು ತಾಗಿದರೆ ಸಾಕು, ಚುಕ್ಕೆಗಳೆಲ್ಲ ಪುಡಿಯಾಗಿ ಹೋಗುತ್ತವೆ. ಹಾರುವ ಪತಂಗ ಬಟ್ಟೆ ತಿನ್ನುವುದೂ ಇಲ್ಲ. ತಿನ್ನುವುದೆಲ್ಲ ಮರಿಹುಳು.

ಮಳೆಗಾಲದಲ್ಲೇ ಯಾಕೆ ಇಷ್ಟು ಅಂದರೆ, ಫೆರಿಯೀಕಾಗೆ ತೇವದ ಗಾಳಿ ಬೇಕು. ಫ್ಲೋರಿಡಾದಲ್ಲೂ ಎಸಿ ಹಾಕಿ ಒಣಗಿದ ಮನೆಗಳಲ್ಲಿ ಇದು ಕಡಿಮೆ. ಕರಾವಳಿಯ ಜೂನ್, ಜುಲೈ ತಿಂಗಳು ಅದಕ್ಕೆ ಹಬ್ಬ. ಹೆಣ್ಣು ಒಂದು ವಾರದಲ್ಲಿ 200ರವರೆಗೆ ಮೊಟ್ಟೆ ಇಟ್ಟು ಸಾಯುತ್ತದೆ. ಗೋಡೆ ನೆಲ ಸೇರುವ ಸಂದಿಯಲ್ಲಿ, ಬಿರುಕಿನಲ್ಲಿ, ಕಸದ ಮೇಲೆ ಅಂಟಿಸುತ್ತದೆ. ಮೊಟ್ಟೆ ಒಡೆಯಲು ಹತ್ತು ದಿನಕ್ಕಿಂತ ಜಾಸ್ತಿ ಬೇಕು. ಮರಿಹುಳುವಾಗಿ ಸುಮಾರು 50 ದಿನ, ಕೋಶದಲ್ಲಿ ಎರಡು ವಾರದ ಮೇಲೆ. ಒಟ್ಟು ಸರಾಸರಿ 74 ದಿನ. ಒಂದು ದಿನ ಜೋರಾಗಿ ಗುಡಿಸಿ ಸುಮ್ನೆ ಕೂತರೆ ಮುಗಿಯುವುದಿಲ್ಲ ಅನ್ನುವುದು ಈ ಲೆಕ್ಕದಲ್ಲೇ ಗೊತ್ತಾಗುತ್ತದೆ. ವಾರಕ್ಕೊಮ್ಮೆಯಂತೆ ಎರಡೂವರೆ ತಿಂಗಳು ಮಾಡಬೇಕು.

ಮಾಡಬೇಕಾದ್ದು ಕಷ್ಟದ ಕೆಲಸವಲ್ಲ. ಉದ್ದ ಕೋಲಿನ ಪೊರಕೆಯಿಂದ ಬಲೆ ತೆಗೆಯಿರಿ. ಮಂಚ, ಬೀರು ಸರಿಸಿ ಹಿಂದೆ ಗುಡಿಸಿ. ಬಾಚಣಿಗೆಯಿಂದ ಉದುರಿದ ಕೂದಲು ಮೂಲೆಯಲ್ಲಿ ಉಂಡೆಯಾಗದಂತೆ ನೋಡಿಕೊಳ್ಳಿ. ಗೋಡೆಯ ಗೂಡುಗಳನ್ನು ಕಿತ್ತು ಸೋಪು ನೀರಿಗೆ ಹಾಕಿ. ಬರೀ ಗುಡಿಸಿ ಅಂಗಳಕ್ಕೆ ಎಸೆದರೆ ಒಳಗಿನ ಹುಳು ಬಾಯಿ ಮುಚ್ಚಿಕೊಂಡು ಆರಾಮಾಗಿ ಬದುಕಿಕೊಳ್ಳುತ್ತದೆ. ಗೋಡೆಯಲ್ಲಿ ಎರಡೂ ತುದಿ ನೂಲಿನಿಂದ ಅಂಟಿ ಅಲುಗಾಡದೆ ನಿಂತ ಗೂಡು ಕಂಡರೆ ಒಳಗೆ ಕೋಶವಿದೆ. ಅದರ ಒಂದು ತುದಿ ಬಾಗಿಲಿನಂತೆ ಚಪ್ಪಟೆಯಾಗಿರುತ್ತದೆ. ಆ ತುದಿಯಿಂದ ಕಂದು ಪೊರೆಯೊಂದು ಅರ್ಧ ಹೊರಗೆ ಇಣುಕುತ್ತಿದ್ದರೆ ಪತಂಗ ಆಗಲೇ ಹಾರಿಹೋಗಿದೆ. ಅಂಥದ್ದು ಜಾಸ್ತಿ ಸಿಕ್ಕಿದರೆ ಹೊಸ ಮೊಟ್ಟೆ ಇಟ್ಟಾಗಿದೆ ಎಂದು ತಿಳಿದು ಗುಡಿಸುವುದನ್ನು ಬಿಗಿ ಮಾಡಿ.

ಗೋಡೆಗೆಲ್ಲ ಕೀಟನಾಶಕ ಸ್ಪ್ರೇ ಹೊಡೆಯುವುದು ಬೇಡ. ಗೂಡಿನೊಳಗಿನ ಹುಳುವಿಗೆ ಅದು ಸರಿಯಾಗಿ ತಾಗುವುದೂ ಇಲ್ಲ. ಜೇಡ ಸತ್ತು ಬಲೆ ಉಳಿದರೆ ಹುಳುವಿಗೆ ಊಟ ಹಾಗೇ ಇರುತ್ತದೆ. ಅಪಾಂಟಿಲಿಸ್ ಕಾರ್ಪೇಟಸ್ ಎಂಬ ಪುಟ್ಟ ಕಣಜ ಈ ಹುಳುಗಳ ಮೈಯಲ್ಲಿ ಮೊಟ್ಟೆ ಇಟ್ಟು ಕೊಲ್ಲುತ್ತದೆ, ಅದನ್ನೂ ನಾವು ಕಳೆದುಕೊಳ್ಳುತ್ತೇವೆ.

ಬೀರುವಿಗೆ ಬೇರೆ ಕ್ರಮ. ಮಳೆ ಬಿಟ್ಟ ಒಂದು ಒಳ್ಳೆಯ ಬಿಸಿಲು ದಿನ ಎಲ್ಲ ಉಣ್ಣೆ ಬಟ್ಟೆ ಹೊರಗೆ ತನ್ನಿ. ಮಡಿಕೆ, ಹೊಲಿಗೆ, ಕಾಲರ್ ಕೆಳಗೆ, ಕಂಬಳಿಯ ಅಂಚು ಇಲ್ಲೆಲ್ಲ ಬೆರಳಾಡಿಸಿ ನೋಡಿ. ಬಟ್ಟೆಯ ಬಣ್ಣದ್ದೇ ಉರುಟು ಕೊಳವೆ ಸಿಕ್ಕಿದರೆ ಟಿನಿಯಾ ಇದೆ. ಗಟ್ಟಿ ಬ್ರಷ್‌ನಿಂದ ಎರಡೂ ಮೈ ಉಜ್ಜಿ, ಬಿಸಿಲಿಗೆ ಹಾಕಿ. ಶಾಲು ಚಿಕ್ಕದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಮೊಟ್ಟೆಯೂ ಉಳಿಯುವುದಿಲ್ಲ. ಹೊರಗೆ ತೆಗೆದ ಮೇಲೆ ಚೀಲದೊಳಗೇ ಒಂದು ದಿನ ಬಿಡಿ, ಇಲ್ಲದಿದ್ದರೆ ಬಟ್ಟೆ ಮೇಲೆ ನೀರು ಕೂರುತ್ತದೆ. ಕಂಬಳಿ ಫ್ರೀಜರಿಗೆ ಹಿಡಿಸದಿದ್ದರೆ ಡ್ರೈಕ್ಲೀನಿಂಗ್‌ಗೆ ಕೊಡಿ, ಅದರಲ್ಲೂ ಎಲ್ಲ ಹಂತದ ಹುಳು ಸಾಯುತ್ತದೆ. ಮತ್ತೆ ಒಳಗಿಡುವಾಗ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ನುಸಿಗುಳಿಗೆ ಬೇಡ ಎಂದೇ ಹೇಳುತ್ತೇನೆ. ಹವೆ ಹೊರಗೆ ಹೋಗದಷ್ಟು ಬಿಗಿಯಾದ ಪೆಟ್ಟಿಗೆಯಲ್ಲಿ ಮಾತ್ರ ಅದು ಸರಿಯಾಗಿ ಕೆಲಸ ಮಾಡುವುದು. ದಿನಕ್ಕೆ ಹತ್ತು ಸಲ ತೆಗೆಯುವ ಬೀರುವಿನಲ್ಲಿ ವಾಸನೆ ನಿಮ್ಮ ಮೂಗಿಗೆ ಬರುತ್ತದೆ, ಹುಳು ಉಳಿಯುತ್ತದೆ. ಲಾವಂಚ, ಬೇವಿನೆಲೆಯಿಂದ ಬಟ್ಟೆ ಘಮಘಮ ಅನ್ನುತ್ತದೆ, ಮೊಟ್ಟೆ ಸಾಯುವುದಿಲ್ಲ. ನುಸಿಗುಳಿಗೆಯ ನ್ಯಾಫ್ತಲೀನ್ ಬೇಡ ಎನ್ನಲು ದೊಡ್ಡ ಕಾರಣ ನಿಮ್ಮ ಮಗು. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ನ್ಯಾಫ್ತಲೀನ್‌ನಿಂದ ರಕ್ತಕಣಗಳು ಒಡೆಯುತ್ತವೆ. ಗುಳಿಗೆ ನುಂಗಿದಾಗ ಮಾತ್ರವಲ್ಲ, ಗುಳಿಗೆ ಜೊತೆ ಇಟ್ಟಿದ್ದ ಬಟ್ಟೆಯಲ್ಲಿ ಸುತ್ತಿದ ಹಸುಗೂಸುಗಳಿಗೂ ಹೀಗಾಗಿದೆ. ಮಗುವಿಗೆ ಆ ಕೊರತೆ ಇದೆಯೋ ಇಲ್ಲವೋ ಎಂಬುದು ಪರೀಕ್ಷೆ ಮಾಡಿಸದೆ ಗೊತ್ತಾಗುವುದಿಲ್ಲ. ಈಗಾಗಲೇ ಬೀರುವಿನಲ್ಲಿ ಗುಳಿಗೆ ಇದ್ದರೆ ತೆಗೆದುಬಿಡಿ. ಅಲ್ಲಿದ್ದ ಮಗುವಿನ ಬಟ್ಟೆ, ಹೊದಿಕೆಗಳನ್ನು ಒಗೆದು, ಗಾಳಿಗೆ ಚೆನ್ನಾಗಿ ಹರವಿ, ವಾಸನೆ ಪೂರ್ತಿ ಹೋದ ಮೇಲೆಯೇ ಉಪಯೋಗಿಸಿ.

ಹುಳುವಿನಿಂದ ಮಗುವಿಗೆ ತೊಂದರೆ ಇಲ್ಲ. ಎರಡೂ ಕಚ್ಚುವುದಿಲ್ಲ, ಚುಚ್ಚುವುದಿಲ್ಲ. ತೆವಳುವ ಮಗು ನೆಲದಲ್ಲಿ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ ಅನ್ನುವ ಕಾರಣಕ್ಕೆ ಗೋಡೆಯ ಕೆಳಗಿನ ಒಂದೆರಡು ಅಡಿ ಜಾಗದ ಗೂಡುಗಳನ್ನು ಮೊದಲು ತೆಗೆಯಿರಿ. ಮೇಲಿನದನ್ನು ಬಲೆ ಹೊಡೆಯುವಾಗ ತೆಗೆದರಾಯಿತು.